ಪಾಯಿಂಟ್ ಇದ್ದರೂ ಕೋಣೆ ಯಾಕೆ ಸಿಗುವುದಿಲ್ಲ?

ಗೊಳಸಂಗಿಯಂಥ ಊರುಗಳಿಂದ ಬೆಂಗಳೂರು, ಪುಣೆಗೆ ನೌಕರಿಗೆ ಹೋದ ಹುಡುಗರ ಮೊಬೈಲಿನಲ್ಲಿ ಈಗ ಹೋಟೆಲ್ ಪಾಯಿಂಟುಗಳೂ ಇರುತ್ತವೆ. ಆಫೀಸ್ ಕೆಲಸಕ್ಕೆ ಹೋಗಿ ಉಳಿದ ರಾತ್ರಿಗಳ ಗಳಿಕೆ ಅದು. ದೀಪಾವಳಿಗೆ ಬಂದಾಗ ಅಪ್ಪ, ಅವ್ವನನ್ನು ಇಳಕಲ್ಲ, ಕುಷ್ಟಗಿ ದಾಟಿಸಿ ಹಂಪಿ ತೋರಿಸೋಣ, ತೋರಣಗಲ್ಲಿನ ಹಯಾತ್ ಪ್ಲೇಸ್‌ನಲ್ಲಿ ಪಾಯಿಂಟ್ ಮೇಲೆ ಉಳಿಯೋಣ ಎಂದುಕೊಂಡರೆ ಆ್ಯಪ್ 'ಲಭ್ಯವಿಲ್ಲ' ಎನ್ನಬಹುದು. ರೊಕ್ಕ ಕೊಡುವವರಿಗೆ ಮಾತ್ರ ಕೋಣೆ ಉಂಟು!

ಇಂಥ ಹೋಟೆಲುಗಳಲ್ಲಿ ಹೆಸರು ಒಬ್ಬರದು, ಕಟ್ಟಡ ಬಹುಪಾಲು ಇನ್ನೊಬ್ಬರದು. ಪಾಯಿಂಟಿನ ರಾತ್ರಿಗೆ ಹೆಸರಿನ ಕಂಪನಿ ತನ್ನ ನಿಧಿಯಿಂದ ಕಟ್ಟಡದ ಮಾಲೀಕರಿಗೆ ಹಣ ಕೊಡುತ್ತದೆ. ಕೋಣೆಗಳು ಖಾಲಿ ಬಿದ್ದ ದಿನ ಅದು ಅಲ್ಪ, ಹೋಟೆಲ್ ತುಂಬಿದ ದಿನ ಮಾಮೂಲಿ ಬಾಡಿಗೆಗೆ ಹತ್ತಿರ. ತುಂಬೀತೋ ಇಲ್ಲವೋ ಎಂಬ ಅನುಮಾನದ ದಿನಗಳಲ್ಲಿ ಮಾಲೀಕರಿಗೆ ಪಾಯಿಂಟಿನ ಅತಿಥಿ ಅಷ್ಟಕ್ಕಷ್ಟೇ. 'ವರ್ಷದ ಯಾವ ದಿನವೂ ನಿರ್ಬಂಧವಿಲ್ಲ' ಎಂಬ ಕಂಪನಿಯ ಭರವಸೆ ಸ್ಟ್ಯಾಂಡರ್ಡ್ ಕೋಣೆಗಷ್ಟೇ. ಅಂಥವು ಎಷ್ಟಿವೆ ಎಂಬುದರಲ್ಲೇ ಹಿಕಮತ್ತು. ನಾಲ್ಕು ಕೋಣೆಗಳಿಗೆ 'ಪ್ರೀಮಿಯಂ' ಎಂಬ ಹೆಸರಿಟ್ಟರೆ, ಕನಿಷ್ಠ ಎರಡು ರಾತ್ರಿ ಉಳಿಯಬೇಕೆಂದರೆ, ಭರವಸೆಯೂ ಉಳಿಯಿತು, ಕೋಣೆಯೂ ಉಳಿಯಿತು.

ಹಾಗಾಗಿ ಮೊದಲು ಪಾಯಿಂಟ್ ಬಿಟ್ಟು ಹಣದ ದರ ನೋಡಿ. ಕಂಪನಿಯ ಸ್ವಂತ ಆ್ಯಪ್‌ನಲ್ಲೇ ನೋಡಬೇಕು. ಸ್ಟ್ಯಾಂಡರ್ಡ್ ಕೋಣೆ ಹಣಕ್ಕಿದೆ, ಪಾಯಿಂಟಿಗಿಲ್ಲ ಎಂದಾದರೆ ಆ ಪುಟದ ಫೋಟೊ ಹಿಡಿದಿಟ್ಟುಕೊಂಡು ಗ್ರಾಹಕ ಸೇವೆಗೆ ಕರೆ ಮಾಡಿ. ಹೋಟೆಲಿನ ಸ್ವಾಗತಕಾರರನ್ನು ಕೇಳಿ ಪ್ರಯೋಜನ ಕಡಿಮೆ, ಕಂಪನಿಯವರನ್ನೇ ಕೇಳಿ.

ಆಮೇಲೆ ದಿನಾಂಕ ಅಲುಗಾಡಿಸಿ. ಒಂದು ರಾತ್ರಿಗೆ ಸಿಗದ್ದು ಎರಡು ರಾತ್ರಿಗೆ ಸಿಗಬಹುದು. ನಾಲ್ವರೆಂದು ನಮೂದಿಸಿದಾಗ ಕಾಣದ ಕೋಣೆ ಇಬ್ಬರೆಂದರೆ ಕಾಣಿಸಬಹುದು. ಆಗ ಎರಡು ಕೋಣೆಯ ಲೆಕ್ಕ ಹಾಕಿ.

ಸಿಕ್ಕಿತೆಂದು ಒತ್ತಿಬಿಡಬೇಡಿ. 2022ರ ಮಾರ್ಚ್‌ನಲ್ಲಿ ಹಯಾತ್ ದಿನ ನೋಡಿ ದರ ಕಟ್ಟತೊಡಗಿದಾಗ ಅದರ ಅತಿ ಕೆಳದರ್ಜೆಯ ಹೋಟೆಲಿಗೆ 3,500, 5,000, 6,500 ಪಾಯಿಂಟ್ ಎಂಬ ಮೂರು ಮೆಟ್ಟಿಲು ಇದ್ದವು. ಕೋಣೆ ಬಾಡಿಗೆ 6,000 ರೂ. ಎಂದುಕೊಳ್ಳಿ, ಶೇ 5 ಜಿಎಸ್‌ಟಿ ಸೇರಿ 6,300. ಅದಕ್ಕೆ 5,000 ಪಾಯಿಂಟ್ ಕೇಳಿದರೆ ಪಾಯಿಂಟಿಗೆ 1.26 ರೂ. ಬಿತ್ತು. ಬೇರೆ ದಿನ ಪಾಯಿಂಟ್ ಅಷ್ಟೇ ಇದ್ದು ಬಾಡಿಗೆ 4,000ಕ್ಕೆ ಇಳಿದಿದ್ದರೆ ಹಣ ಕೊಡುವುದೇ ಲೇಸು. ಟಾಟಾದವರ ಪಾಯಿಂಟಾದ ನ್ಯೂ ಕಾಯಿನ್‌ನಲ್ಲಿ ಈ ಗೋಜಿಲ್ಲ, ಒಂದು ಕಾಯಿನ್ ಎಂದರೆ ಒಂದು ರೂಪಾಯಿ. ವಿಜಯಪುರದ ಮಯೂರ ಆದಿಲ್‌ಶಾಹಿ ಹೋಟೆಲಿನಲ್ಲಂತೂ ರೊಕ್ಕ ಎಣಿಸಿದರಾಯಿತು.

ಕ್ರೆಡಿಟ್ ಕಾರ್ಡ್ ಪಾಯಿಂಟನ್ನು ಹೋಟೆಲಿಗೆ ವರ್ಗಾಯಿಸುವುದು ಕೊನೆಯ ಹೆಜ್ಜೆ. ಕೋಣೆ ಕಣ್ಣಿಗೆ ಬಿದ್ದ ಮೇಲೇ ಮಾಡಿ. ಒಮ್ಮೆ ಹೋದದ್ದು ಕಾರ್ಡಿಗೆ ಮರಳುವುದಿಲ್ಲ. ಬುಕ್ ಮಾಡುವಾಗ ರದ್ದತಿಯ ಗಡುವು ಓದಿಕೊಳ್ಳಿ. ಕೋಣೆ ಸಿಗದವರಿಗೂ ಆ ಗಡುವು ಮುಖ್ಯ: ಅದರ ಹಿಂದಿನ ಒಂದೆರಡು ದಿನಗಳಲ್ಲಿ ಬೇರೆಯವರು ಬಿಟ್ಟುಕೊಟ್ಟ ಕೋಣೆಗಳು ಮತ್ತೆ ಪಟ್ಟಿಗೆ ಬರುತ್ತವೆ. ಇನ್ನು ಹಯಾತ್, ಮ್ಯಾರಿಯಟ್ ಎರಡರಲ್ಲೂ 24 ತಿಂಗಳು ಖಾತೆ ಅಲುಗಾಡದಿದ್ದರೆ ಪಾಯಿಂಟ್ ಅಳಿಯುತ್ತವೆ.