ಎಮ್ಮೆ ಬೆದೆಗೆ ಬಂತಾ?

"ಈ ಎಮ್ಮೆ ಗೊಡ್ಡು. ಬರೋ ಸಂತೇಲಿ ಮಾರಿಬಿಡ್ತೀನಿ" ಅಂದ ಮಗ.

ಎಮ್ಮೆ ಈದು ಒಂದೂವರೆ ವರ್ಷ ಆಗಿತ್ತು. ಹಾಲು ಬತ್ತಿತ್ತು. ಹಿಂಡಿ, ಹುಲ್ಲಿನ ಖರ್ಚು ಮಾತ್ರ ನಿಂತಿರಲಿಲ್ಲ.

ಸೊಸೆ ಕೇಳಿದಳು, "ಅತ್ತೆ, ನಾವು ಬೆದೆ ಸರಿಯಾಗಿ ನೋಡಿದ್ದೀವಾ?"

"ಹಸು ಆದ್ರೆ ಕೂಗಿ ಊರಿಗೆಲ್ಲ ಹೇಳುತ್ತೆ. ಇದು ಬಾಯೇ ಬಿಡಲ್ಲ ಕಣೇ."

ಅತ್ತೆ ಹೇಳಿದ್ದು ನಿಜ. ಎಷ್ಟೋ ಎಮ್ಮೆಗಳದು ಮೂಕ ಬೆದೆ. ಬೇಸಿಗೆಯಲ್ಲಂತೂ ಗೊತ್ತೇ ಆಗುವುದಿಲ್ಲ. ರಾತ್ರಿ ಮತ್ತು ಬೆಳಗಿನ ಜಾವ ನಾವೇ ನೋಡಬೇಕು. ಬಾಲದ ಕೆಳಗೆ ಊದಿದೆಯಾ? ಗಾಜಿನಂಥ ತಿಳಿ ಲೋಳೆ ಇಳಿಯುತ್ತಿದೆಯಾ? ಪದೇ ಪದೇ ಸ್ವಲ್ಪ ಸ್ವಲ್ಪ ಉಚ್ಚೆ ಹೊಯ್ಯುತ್ತಿದೆಯಾ? ಹಾಗಿದ್ದರೆ ಬೆದೆ ಬಂದಿದೆ. ಲೋಳೆ ಕೀವಿನ ಹಾಗಿದ್ದರೆ ಅದು ರೋಗ. ಮೊದಲು ಡಾಕ್ಟರಿಗೆ ತೋರಿಸಿ.

ಬೆಳಿಗ್ಗೆ ಬೆದೆ ಕಂಡರೆ ಸಂಜೆ ಸೂಜಿ ಹಾಕಿಸಿ. ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಸೂಜಿ ಅಂದರೆ ಔಷಧಿ ಅಲ್ಲ, ಒಳ್ಳೆ ಕೋಣದ ವೀರ್ಯ. ಹೊತ್ತು ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಲೋಳೆ ಕಂಡಿತು. ಸಂಜೆ ಸೂಜಿ ಹಾಕಿಸಿದರು. ಸೊಸೆ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ 'ಎಮ್ಮೆ' ಎಂದು ಬರೆದಳು. ಅಕ್ಷರ ಸ್ವಲ್ಪ ಸೊಟ್ಟ. 21 ದಿನ ಎಣಿಸಿ ಇನ್ನೊಂದು ಗುರುತು ಹಾಕಿದಳು. ಆಗ ಬೆದೆ ಕಾಣಲಿಲ್ಲ. ಆದರೂ ನಂಬುವ ಹಾಗಿಲ್ಲ, ಮೂಕ ಬೆದೆ ಅಲ್ಲವೇ? 3 ತಿಂಗಳಿಗೆ ಡಾಕ್ಟರು ಕೈ ಹಾಕಿ ನೋಡಿದರು. ಗಬ್ಬ ನಿಂತಿತ್ತು.

ಮಗ ಸಂತೆಯ ಮಾತು ಬಿಟ್ಟ.

ಹಸು ಸುಮಾರು 9 ತಿಂಗಳು 9 ದಿನಕ್ಕೆ ಈಯುತ್ತದೆ. ಎಮ್ಮೆಗೆ ಸುಮಾರು 10 ತಿಂಗಳು 10 ದಿನ. ಅತ್ತೆ ಬೆರಳು ಮಡಿಚಿ ಲೆಕ್ಕ ಹಾಕಿದರು.

"ಸಂಕ್ರಾಂತಿಗೆ ಗಿಣ್ಣು!"

"ಮೊದಲು ಕರುವಿಗೆ ಅತ್ತೆ, ಆಮೇಲೆ ನಮಗೆ" ಅಂದಳು ಸೊಸೆ.