ಐರ್ಲೆಂಡಿನ ಪತ್ರಗಳನ್ನು ಉಳಿಸಿದವರು ಯಾರು?

ಪ್ರಶ್ನೆ: ಜೇಮ್ಸ್ ಜಾಯ್ಸ್, ಯೇಟ್ಸ್ ಅವರಂಥ ಐರಿಷ್ ಲೇಖಕರ ತೀರ ಖಾಸಗಿ ಪತ್ರಗಳೂ ಇಂದು ಅಚ್ಚಿನಲ್ಲಿ ಸಿಗುತ್ತವೆ. ಹೆಂಡತಿಗೆ, ಪ್ರೇಯಸಿಗೆ ಬರೆದ ಕಾಗದಗಳು ಹೊರಗೆ ಬಂದದ್ದು ಹೇಗೆ? ಅವನ್ನು ಕಾಪಾಡಿದವರು ಯಾರು? ನಮ್ಮಂಥವರಿಗೂ ನೋಡಲು ಸಿಗುತ್ತವೆಯೇ?

ಉತ್ತರ: ಕಾಪಾಡಿದ ಪುಣ್ಯ ಸರ್ಕಾರಕ್ಕಂತೂ ಸಲ್ಲುವುದಿಲ್ಲ. 1922ರ ಜೂನ್ 30ರಂದು, ಐರ್ಲೆಂಡಿನ ಅಂತರ್ಯುದ್ಧ ಶುರುವಾದ ಎರಡೇ ದಿನಕ್ಕೆ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸರ್ಕಾರಿ ದಾಖಲೆಗಳ ಕಚೇರಿ ಸ್ಫೋಟಕ್ಕೂ ಬೆಂಕಿಗೂ ತುತ್ತಾಯಿತು. ಶತಮಾನಗಳ ಉಯಿಲುಗಳು, ಚರ್ಚಿನ ದಾಖಲೆಗಳು, 1821ರಿಂದ 1851ರವರೆಗಿನ ಜನಗಣತಿಯ ಪುಸ್ತಕಗಳು ಬಹುಪಾಲು ಸುಟ್ಟುಹೋದವು. ಹಾಗಾಗಿ ಆ ದೇಶದಲ್ಲಿ ಮನೆಯ ಪೆಟ್ಟಿಗೆಗಳಲ್ಲಿ, ಅಟ್ಟದ ಮೇಲೆ ಉಳಿದುಕೊಂಡ ಕಾಗದಗಳಿಗೆ ಸಿಕ್ಕಾಪಟ್ಟೆ ಬೆಲೆ ಬಂತು. ಅವನ್ನು ಉಳಿಸಿದವರು ಪತ್ರ ಬಂದ ಮನೆಯವರು. ಕೆಲವೊಮ್ಮೆ ರಕ್ತಸಂಬಂಧವೇ ಇಲ್ಲದ ಗೆಳೆಯರು.

ಅಂಥ ಒಬ್ಬ ಗೆಳೆಯನ ಕಥೆಯನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಪಾಲ್ ಲಿಯೋನ್ ರಷ್ಯದಿಂದ ಪ್ಯಾರಿಸ್ಸಿಗೆ ಬಂದು ನೆಲೆಸಿದ್ದ ಯಹೂದಿ. 1930ರ ದಶಕದುದ್ದಕ್ಕೂ ಜಾಯ್ಸ್ ಅವರ ಪತ್ರವ್ಯವಹಾರವನ್ನೆಲ್ಲ ಸಂಬಳವಿಲ್ಲದೆ ನೋಡಿಕೊಂಡವರು. ಜರ್ಮನ್ನರು ಪ್ಯಾರಿಸ್ ಹಿಡಿದ ಮೇಲೆ ಜಾಯ್ಸ್ ಕುಟುಂಬ ಬಿಟ್ಟುಹೋಗಿದ್ದ ಮನೆಗೆ ಲಿಯೋನ್ ಹೋದರು. ಅಲ್ಲಿದ್ದ ಕಾಗದಪತ್ರಗಳನ್ನು ಹೊತ್ತು ತಂದರು. ಬಾಡಿಗೆ ಬಾಕಿಗೆಂದು ಮನೆಯ ಮಾಲೀಕ ಸಾಮಾನು ಹರಾಜಿಗಿಟ್ಟಾಗ ಅಲ್ಲೂ ಕೆಲವನ್ನು ಕೊಂಡರು. ಪತ್ರಗಳನ್ನು ಲಕೋಟೆಗಳಿಗೆ ತುಂಬಿ ಪ್ಯಾರಿಸ್ಸಿನಲ್ಲಿದ್ದ ಐರಿಷ್ ರಾಜತಾಂತ್ರಿಕ ಕೌಂಟ್ ಒ'ಕೆಲ್ಲಿಯವರ ಕೈಗೆ ಕೊಟ್ಟರು. ಐರ್ಲೆಂಡ್ ಯುದ್ಧದಲ್ಲಿ ತಟಸ್ಥವಾಗಿದ್ದರಿಂದ ಅವರ ಬಳಿ ಇದ್ದದ್ದು ಸುರಕ್ಷಿತ. ತಾನು ಬದುಕಿ ಉಳಿಯದಿದ್ದರೆ ಇವು ಡಬ್ಲಿನ್ನಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಲಿ, ಐವತ್ತು ವರ್ಷ ತೆರೆಯಬೇಡಿ ಎಂದು ಲಿಯೋನ್ ಹೇಳಿದ್ದರು. 1941ರ ಜನವರಿಯಲ್ಲಿ ಜಾಯ್ಸ್ ಜ್ಯೂರಿಕ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಲಿಯೋನ್ ಬಂಧನವಾಯಿತು. 1942ರಲ್ಲಿ ಆಶ್ವಿಟ್ಸ್‌ನಲ್ಲಿ ಕೊಲೆಯಾದರು. ಗ್ರಂಥಾಲಯ ಮಾತು ಉಳಿಸಿಕೊಂಡಿತು: ಲಕೋಟೆಗಳು ಸಾರ್ವಜನಿಕರಿಗೆ ತೆರೆದದ್ದು 1991ರಲ್ಲಿ. ಆಗಲೂ ಒಂದಿಷ್ಟನ್ನು 2050ರವರೆಗೆ ಮುದ್ರೆ ಹಾಕಿ ಇಡಲಾಯಿತು.

ನೀವು ಕೇಳಿದ, ಹೆಂಡತಿ ನೋರಾಗೆ ಬರೆದ ಪತ್ರಗಳ ದಾರಿಯೇ ಬೇರೆ. ಅವುಗಳಲ್ಲಿ ಬಹುಪಾಲು 1909ರಲ್ಲಿ ಜಾಯ್ಸ್ ಡಬ್ಲಿನ್ನಿಗೆ ಬಂದಿದ್ದಾಗ, ಟ್ರಿಯೆಸ್ಟ್‌ನಲ್ಲಿದ್ದ ನೋರಾಗೆ ಬರೆದವು. ಮುಂದೆ 1920ರಲ್ಲಿ ಸಂಸಾರ ಪ್ಯಾರಿಸ್ಸಿಗೆ ಹೊರಟಾಗ ಕಾಗದಗಳು ಟ್ರಿಯೆಸ್ಟ್‌ನಲ್ಲೇ ತಮ್ಮ ಸ್ಟಾನಿಸ್ಲಾಸ್ ಬಳಿ ಉಳಿದವು. ಅವನು ಸತ್ತ ಮೇಲೆ ಹೆಂಡತಿ 1957ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಮಾರಿದಳು. 2004ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅಂಥದೇ ಒಂದು ಪತ್ರಕ್ಕೆ 2,40,800 ಪೌಂಡ್ ಬಿತ್ತು. ಗಂಡ ಹೆಂಡತಿಗೆ ಗುಟ್ಟಾಗಿ ಬರೆದದ್ದಕ್ಕೆ ಇಷ್ಟು ಕೂಗುವುದು ನನಗೆ ಅಷ್ಟೇನೂ ಹಿಡಿಸಲಿಲ್ಲ ಎಂಬುದು ಬೇರೆ ಮಾತು.

 

ಉಳಿದವುಗಳ ಮಾತಾಯಿತು. ಉಳಿಯದವುಗಳ ಲೆಕ್ಕವನ್ನೂ ಇಡಬೇಕು. ಯೇಟ್ಸ್ ಮತ್ತು ಅವನು ಪ್ರೀತಿಸಿದ ಮಾಡ್ ಗಾನ್ ನಡುವಿನ ಪತ್ರಗಳ ಸಂಪುಟ 1992ರಲ್ಲಿ ಬಂತು. ಗಾನ್ ಮೊಮ್ಮಗಳೇ ಅದರ ಸಂಪಾದಕರಲ್ಲಿ ಒಬ್ಬರು. ಅದನ್ನು ಬಿಡಿಸಿದರೆ ಅವಳ ಪತ್ರಗಳು ಮುನ್ನೂರಕ್ಕೂ ಹೆಚ್ಚು, ಅವನವು ಮೂವತ್ತರ ಆಸುಪಾಸು. ಯೇಟ್ಸ್ ಬರೆದದ್ದೇ ಕಡಿಮೆ ಎಂದುಕೊಂಡರೆ ತಪ್ಪು. ಅಂತರ್ಯುದ್ಧದ ಹೊತ್ತಿನಲ್ಲಿ ಐರ್ಲೆಂಡಿನ ಹೊಸ ಸರ್ಕಾರದ ಸೈನಿಕರು, ಆ ಸರ್ಕಾರವನ್ನು ವಿರೋಧಿಸುತ್ತಿದ್ದ ಗಾನ್ ಮನೆಗೆ ನುಗ್ಗಿ ಅವಳ ಕಾಗದಗಳನ್ನು ಹಾಳುಗೆಡವಿದರು. ಯೇಟ್ಸ್ 1922ರ ಡಿಸೆಂಬರಿನಿಂದ ಅದೇ ಸರ್ಕಾರದ ಸೆನೆಟ್ ಸದಸ್ಯ! ಆ ಸಂಪುಟ ಓದಿದವರಿಗೆ ಹಟ, ರಾಜಕೀಯ, ಕಾಯಿಲೆ ಎಲ್ಲ ಅವಳ ಮಾತಿನಲ್ಲೇ ಕೇಳಿಸುತ್ತವೆ. ಅವನು ಮೂಕನಂತೆ ಕಾಣುತ್ತಾನೆ. ಪತ್ರಸಂಗ್ರಹ ಓದುವಾಗ ಯಾರ ಮನೆಯ ಪೆಟ್ಟಿಗೆ ಉಳಿದಿದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು ಎನ್ನುವುದು ಇದಕ್ಕೇ.

ಬೇಕೆಂದೇ ನಾಶ ಮಾಡಿದವರೂ ಇದ್ದಾರೆ. ಜಾಯ್ಸ್ ಮೊಮ್ಮಗ ಸ್ಟೀಫನ್ 1988ರಲ್ಲಿ ವೆನಿಸ್‌ನಲ್ಲಿ ಸೇರಿದ್ದ ವಿದ್ವಾಂಸರ ಎದುರು, ಸೋದರತ್ತೆ, ಅಂದರೆ ಜಾಯ್ಸ್ ಮಗಳು, ಲೂಸಿಯಾ ತಮಗೆ ಬರೆದ ಪತ್ರಗಳನ್ನೆಲ್ಲ ನಾಶ ಮಾಡಿದ್ದೇನೆ ಎಂದು ಘೋಷಿಸಿದರು. ಲೇಖಕ ಸ್ಯಾಮ್ಯುಯೆಲ್ ಬೆಕೆಟ್ ಆಕೆಗೆ ಬರೆದವನ್ನೂ ಬೆಕೆಟ್ ಒಪ್ಪಿಗೆಯಿಂದಲೇ ಇಲ್ಲವಾಗಿಸಿದ್ದರು. ವಿದ್ವಾಂಸರು ಗೋಳಾಡಿದರು. ನನ್ನ ಮಟ್ಟಿಗೆ, ಮಾನಸಿಕ ಆಸ್ಪತ್ರೆಗಳಲ್ಲೇ ಬಾಳು ಕಳೆದ ಹೆಂಗಸೊಬ್ಬಳ ಕಾಗದಗಳ ವಿಷಯದಲ್ಲಿ ಆ ಮೊಮ್ಮಗನ ಸಿಟ್ಟಿಗೆ ಅರ್ಥವಿತ್ತು. ಕಾನೂನಿನ ಪ್ರಕಾರ ಕಾಗದ ಪಡೆದವರ ಸ್ವತ್ತು, ಅದರಲ್ಲಿನ ಬರಹದ ಹಕ್ಕು ಬರೆದವರದ್ದು, ಅವರ ನಂತರ ವಾರಸುದಾರರದ್ದು. ಯುರೋಪಿನಲ್ಲಿ ಆ ಹಕ್ಕು ಬರೆದವರು ಸತ್ತ ಮೇಲೆ ಎಪ್ಪತ್ತು ವರ್ಷದವರೆಗೆ ಇರುತ್ತದೆ.

ದೊಡ್ಡವರ ಪತ್ರಗಳಿಗಿಂತ ನನಗೆ ಹೆಚ್ಚು ಇಷ್ಟವಾದವು ಹೆಸರಿಲ್ಲದವರವು. 1840ರ ದಶಕದ ಐರಿಷ್ ಕ್ಷಾಮದ ಕಾಲಕ್ಕೂ ಆಮೇಲೂ ಅಮೆರಿಕಕ್ಕೆ ಹೋದ ಮಕ್ಕಳಿಂದ ಊರಿಗೆ ಬರುತ್ತಿದ್ದ ಕಾಗದಕ್ಕೆ 'ಅಮೆರಿಕನ್ ಲೆಟರ್' ಎಂದೇ ಹೆಸರು. ಒಳಗೆ ಹಣ, ಕೆಲವೊಮ್ಮೆ ತಂಗಿಗೆ ಹಡಗಿನ ಟಿಕೆಟ್ಟು. ಇಂಗ್ಲಿಷ್ ಓದಲು ಬಾರದ ಮನೆಗಳಲ್ಲಿ ಶಾಲೆಯ ಮೇಷ್ಟ್ರೋ ಪಾದ್ರಿಯೋ ಓದಿಹೇಳಬೇಕು. ಸುತ್ತ ನೆರೆಹೊರೆಯವರೂ ಕೂತು ಕೇಳಬೇಕು. ಅಂದರೆ ಬರೆಯುವವರಿಗೆ ಇದು ಖಾಸಗಿಯಾಗಿ ಉಳಿಯುವುದಿಲ್ಲ ಎಂದು ಮೊದಲೇ ಗೊತ್ತು. ಅಮೆರಿಕದ ಇತಿಹಾಸಕಾರ ಕೆರ್ಬಿ ಮಿಲ್ಲರ್ ದಶಕಗಳ ಕಾಲ ಮನೆಮನೆಗಳಿಂದ ಇಂಥ ಸಾವಿರಾರು ಪತ್ರಗಳನ್ನು ಕಲೆಹಾಕಿ ಐರ್ಲೆಂಡಿನ ಗಾಲ್ವೇ ವಿಶ್ವವಿದ್ಯಾಲಯಕ್ಕೆ ಕೊಟ್ಟರು.

ನೀವು ನೋಡಬಹುದೇ? ಧಾರಾಳವಾಗಿ. ಗಾಲ್ವೇಯವರು 2024ರಲ್ಲಿ 'ಇಮಿರ್ಕೆ' ಎಂಬ ಹೆಸರಿನಲ್ಲಿ ಆ ಸಂಗ್ರಹವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಡಬ್ಲಿನ್ನಿಗೆ ಹೋಗುವುದಾದರೆ ಕಿಲ್ಡೇರ್ ಸ್ಟ್ರೀಟಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಓದುಗರ ಚೀಟಿಗೆ ದುಡ್ಡಿಲ್ಲ. ಮನೆಯಲ್ಲೇ ಕೂತು ಜಾಯ್ಸ್ ಓದುವವರಿಗೆ ರಿಚರ್ಡ್ ಎಲ್‌ಮನ್ 1975ರಲ್ಲಿ ಸಂಪಾದಿಸಿದ ಆಯ್ದ ಪತ್ರಗಳ ಸಂಪುಟ ಸಾಕು. ನೋರಾಗೆ ಬರೆದವು ಅದರಲ್ಲಿವೆ.