ಹಳೆಯ ಟ್ರಾಕ್ಟರಿನ ನಿಜವಾದ ಬೆಲೆ

ವರ್ಷಕ್ಕೆ 550 ಮಿ.ಮೀ. ಆಸುಪಾಸಿನ ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುವ ಕಲ್ಯಾಣದುರ್ಗದ ಕೆಂಪು ನೆಲದಲ್ಲಿ, ಹದವೆಂಬುದು ಬಂದರೆ ಎರಡು ಮೂರು ದಿನ ನಿಲ್ಲುವುದೇ ಹೆಚ್ಚು. ಆ ಹದವು ಎಲ್ಲರ ಹೊಲಕ್ಕೂ ಏಕಕಾಲದಲ್ಲಿಯೇ ಬರುವುದರಿಂದ, ಬಾಡಿಗೆಯ ಟ್ರಾಕ್ಟರು ನಮ್ಮ ಬದುವನ್ನು ದಾಟಿ ಒಳಗೆ ಬರುವ ಹೊತ್ತಿಗೆ ಮಣ್ಣು ಆರಿ ಗಟ್ಟಿಯಾಗಿರುತ್ತದೆ. ಹಿಂದೂಪುರದ ಹುಣಿಸೆ, ಬೆಲ್ಲಗಳ ಮಂಡಿಯ ನಡುವೆ ಬೆಳೆದು, ಮೇಷ್ಟರಿಕೆಯಲ್ಲಿ ಆಯುಷ್ಯ ಕಳೆದ ನಾನು, ಪಿತ್ರಾರ್ಜಿತವಾಗಿ ಬಂದ ಕಲ್ಯಾಣದುರ್ಗದ ಹೊಲದ ಸಲುವಾಗಿ ನಿವೃತ್ತಿಯ ಹಣದಲ್ಲಿ ಒಂದು ಹಳೆಯ ಟ್ರಾಕ್ಟರನ್ನು ಕೊಳ್ಳಲು ಮನಸ್ಸು ಮಾಡಿದ್ದು ಈ ಕಾರಣದಿಂದಲೇ ಹೊರತು ಬಾಡಿಗೆ ಉಳಿಯುವುದೆಂಬ ಭ್ರಮೆಯಿಂದಲ್ಲ. ಬಾಡಿಗೆಯೊಂದನ್ನೇ ಲೆಕ್ಕ ಹಿಡಿದರೆ ಸಣ್ಣ ಹಿಡುವಳಿಯವನು ಟ್ರಾಕ್ಟರಿನ ಒಡೆಯನಾಗುವುದು ಎಂದಿಗೂ ಗಿಟ್ಟುವುದಿಲ್ಲ.

ಹಿಂದೂಪುರದಿಂದ ಮಡಕಶಿರಾ ಮಾರ್ಗವಾಗಿ ಕಲ್ಯಾಣದುರ್ಗಕ್ಕೆ ಹೋಗುವಾಗ ನಡುವೆ ಪಾವಗಡದ ನೆಲ, ಎಂದರೆ ಕರ್ನಾಟಕ, ಅಡ್ಡ ಬರುತ್ತದೆ. ಅಲ್ಲಿ ಒಂದು ಗಾಡಿ ಅಗ್ಗಕ್ಕೆ ಸಿಕ್ಕುವಂತಿತ್ತು. ಆದರೆ ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ನೆಲೆಯಾಗಿ ಇಟ್ಟುಕೊಳ್ಳಬೇಕಾದರೆ ಮೊದಲಿನ ಆರ್.ಟಿ.ಓ. ಕಛೇರಿಯ ನಿರಾಕ್ಷೇಪಣಾ ಪತ್ರ, ಹೊಸ ನೋಂದಣಿಯ ಸಂಖ್ಯೆ ಮೊದಲಾದವುಗಳ ಹಿಂದೆ ಅಲೆಯಬೇಕಾದ ಕಾರಣ, ನಾಲ್ಕು ಕಾಸು ಹೆಚ್ಚಾದರೂ ಸರಿಯೆಂದು ಎ.ಪಿ. 02 ಸಂಖ್ಯೆಯ ಅನಂತಪುರ ಜಿಲ್ಲೆಯ ಗಾಡಿಯನ್ನೇ ಆರಿಸಿಕೊಂಡೆನು. ಕೇಳಿದ ಬೆಲೆ ಎರಡೂವರೆ ಲಕ್ಷ. ಬಣ್ಣ ಹೊಸದು, ಸೀಟು ಹೊಸದು, ಮುಂದೆ ನಿಂಬೆಹಣ್ಣು ಮೆಣಸಿನಕಾಯಿಗಳ ದಂಡೆ.

ನನ್ನ ಮೊದಲ ಖರ್ಚು ಮೆಕ್ಯಾನಿಕ್ಕಿಗೆ ಕೊಟ್ಟ ಒಂದು ದಿನದ ಕೂಲಿ. ಮಾರುವವನ ಪರಿಚಯದವನಲ್ಲದ, ಹಿಂದೂಪುರದ ಆ ಮನುಷ್ಯನು, ನಾನು ಎಂಜಿನ್ನಿನ ಶಬ್ದಕ್ಕೆ ತಲೆದೂಗುತ್ತಿದ್ದಾಗ, "ಅದು ಆಮೇಲೆ ನೋಡೋಣ ಮೇಷ್ಟ್ರೇ, ಮೊದಲು ನಿಲ್ಲುತ್ತದೋ ಇಲ್ಲವೋ ನೋಡಬೇಕು" ಎಂದು ಗಾಡಿಯನ್ನು ಖಾಲಿ ಹೊಲಕ್ಕೆ ಹೊಡೆದನು. ಟ್ರಾಕ್ಟರಿಗೆ ಎಡಗಾಲಿಗೊಂದು ಬಲಗಾಲಿಗೊಂದು ಎಂದು ಎರಡು ಬ್ರೇಕು ಪೆಡಲುಗಳಿರುತ್ತವೆ. ಉಳುವಾಗ ಸಾಲಿನ ತುದಿಯಲ್ಲಿ ಒಂದನ್ನೇ ತುಳಿದು ಗಾಡಿಯನ್ನು ತಿರುಗಿಸುವುದುಂಟು, ರಸ್ತೆಯಲ್ಲಾದರೋ ಎರಡನ್ನೂ ಚಿಲಕದಿಂದ ಜೋಡಿಸಿಯೇ ಓಡಿಸಬೇಕು. ಅವನು ಚಿಲಕ ಹಾಕಿ, ಹದವಾದ ವೇಗದಲ್ಲಿ ಓಡಿಸಿ, ಒಮ್ಮೆಲೇ ತುಳಿದು, ಕೆಳಗಿಳಿದು ಮಣ್ಣನ್ನು ತೋರಿಸಿದನು. ಬಲಗಾಲಿಯು ಎಳೆದ ಗೆರೆ ಮಾರುದ್ದವಿತ್ತು. ಎಡಗಾಲಿಯ ಜಾಡಿನಲ್ಲಿ ಟಯರಿನ ಅಚ್ಚು ಕೆಡದೆ ಹಾಗೆಯೇ ಇತ್ತು. ವರ್ಷಾನುಗಟ್ಟಲೆ ಒಂದೇ ಕಡೆಗೆ ತಿರುಗಿಸಿದ ಹೊಲದ ಗಾಡಿಗಳಲ್ಲಿ ಒಂದು ಕಡೆಯ ಲೈನರು ಹೀಗೆ ಸವೆದಿರುತ್ತದಂತೆ. ಹೇರು ತುಂಬಿಕೊಂಡು ಇಳಿಜಾರಿನಲ್ಲಿ ಬರುವಾಗ ಎರಡೂ ಪೆಡಲುಗಳನ್ನು ಒಟ್ಟಿಗೆ ತುಳಿದರೂ ಇಂಥ ಗಾಡಿಯು ಒಂದು ಪಕ್ಕಕ್ಕೆ ಎಳೆದುಕೊಂಡು ಮಗುಚುತ್ತದೆ.

ಮಿಕ್ಕ ದೋಷಗಳು ಬೇಗ ಬೇಗನೆ ಹೊರಬಿದ್ದುವು. ಸ್ಟೀಯರಿಂಗು ಅಂಗೈಯಗಲ ಸಡಿಲ. ಹಿಂದಿನ ಟಯರುಗಳ ಪಕ್ಕದಲ್ಲಿ ಬಿರುಕು. ಟ್ರೇಲರಿನ ಕೊಂಡಿಗೆ ಪಿನ್ನಿನ ಬದಲು ಹಾರೆಯ ತುಂಡು, ಅದಕ್ಕೆ ಜಾರದಂತೆ ತಡೆಯುವ ಕ್ಲಿಪ್ಪೂ ಇಲ್ಲ. ಗೇರಿನಲ್ಲಿರುವಾಗ ಎಂಜಿನ್ ಹೊತ್ತದಂತೆ ತಡೆಯುವ ಸ್ವಿಚ್ಚನ್ನು ಕಿತ್ತು ತಂತಿಯನ್ನು ನೇರವಾಗಿ ಜೋಡಿಸಿದ್ದರು. ಕೆಳಗೆ ನಿಂತು ಸ್ಟಾರ್ಟು ಮಾಡಿದವನ ಮೇಲೆಯೇ ಗಾಡಿ ಹರಿಯುವುದು ಇಂಥ ಉಪಾಯದಿಂದ. ಕಡಲೆಕಾಯಿ ಬಿಡಿಸುವ ಯಂತ್ರಕ್ಕೆ ಶಕ್ತಿ ಕೊಡುವ ಪಿ.ಟಿ.ಓ. ಶಾಫ್ಟಿನ ಮೇಲಿನ ಕವಚವಂತೂ ಎಂದೋ ಗುಜರಿಗೆ ಹೋಗಿತ್ತು. ನಿಮಿಷಕ್ಕೆ 540 ಸುತ್ತು, ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುವ ಆ ಕಂಬಿಗೆ ಸೀರೆಯ ಸೆರಗೋ ಹೆಗಲ ಟವಲೋ ಸಿಕ್ಕಿದರೆ, ಕೂಗಿಕೊಳ್ಳುವುದಕ್ಕೂ ಅವಕಾಶವಿರುವುದಿಲ್ಲ. ಸಾವಿರ ಚಿಲ್ಲರೆಯ ಈ ತಗಡಿಗೆ ಹಣವಿಲ್ಲವೆನ್ನುವವರು ಟೇಪ್ ರೆಕಾರ್ಡರಿಗೆ ಹೇಗೆ ಹಣ ಹೊಂದಿಸುತ್ತಾರೋ ನಾನರಿಯೆ.

ಇವೆಲ್ಲಕ್ಕೂ ಸೇರಿ ಸುಮಾರು 60,000 ರೂಪಾಯಿ ಎಂದು ಮೆಕ್ಯಾನಿಕ್ಕನು ಸಿಗರೇಟು ಪ್ಯಾಕಿನ ಹಿಂದೆ ಬರೆದುಕೊಟ್ಟನು. ಅದರಲ್ಲಿ ಹೆಚ್ಚು ಪಾಲು ಟಯರುಗಳದು. ಆ ಚೀಟಿಯನ್ನು ಚೌಕಾಸಿಗೆ ಮುಂಚೆಯೇ ಬರೆಸಿಕೊಂಡುದು ನನಗೆ ದೊಡ್ಡ ಬಲವಾಯಿತು. ಬೆಲೆ ಇಳಿಸಿ ಎಂದು ಬರಿದೇ ಕೇಳುವವನಿಗೆ ಐದು ಸಾವಿರ ಬಿಡುವ ಮಾರಾಟಗಾರನು, ಎಡಗಾಲಿಯ ಬ್ರೇಕಿಗೆ ಇಷ್ಟು, ಟಯರಿಗೆ ಇಷ್ಟು ಎಂದು ಓದಿ ಹೇಳಿದಾಗ ವಾದಿಸಲಾರದೆ 45,000 ಬಿಟ್ಟನು. ಉಳಿದುದನ್ನು ನಾನು ಗಾಡಿಯ ಬೆಲೆಯೆಂದೇ ಭಾವಿಸಿ, ರಿಪೇರಿಯ ಹಣವನ್ನು ಮುಂಗಡದ ದಿನವೇ ಬೇರೆ ಖಾತೆಯಲ್ಲಿಟ್ಟೆನು. ಬೀಜ ಗೊಬ್ಬರಗಳ ಕಾಲ ಬಂದರೆ ಬ್ರೇಕಿನ ಹಣ ಗೊಬ್ಬರವಾಗಿಬಿಡುತ್ತದೆ.

ಕಾಗದಪತ್ರಗಳೂ ಸುರಕ್ಷಿತತೆಯ ಭಾಗವೇ. ಆರ್.ಸಿ.ಯಲ್ಲಿ ಬ್ಯಾಂಕಿನ ಸಾಲದ ನಮೂದು ಹಾಗೆಯೇ ಇದ್ದುದರಿಂದ, ಸಾಲ ತೀರಿದ ಪತ್ರ ಬರುವವರೆಗೆ ಕೊನೆಯ ಕಂತನ್ನು ಕೊಡಲಿಲ್ಲ. ಮಾರುವವನೂ, ಗಾಡಿ ಹೋದರೆ ತನ್ನ ಹೊಣೆ ಹೋಯಿತೆಂದು ನಂಬಿದ್ದನು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಅಪಘಾತಕ್ಕೆ ಹೊಣೆಗಾರನಾದ ಒಡೆಯನೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿರುವುದನ್ನು ತಿಳಿಸಿದ ಮೇಲೆ, ವರ್ಗಾವಣೆಯ ಅರ್ಜಿಗೆ ಸಹಿ ಹಾಕಲು ತಾನಾಗಿಯೇ ಹಿಂದೂಪುರಕ್ಕೆ ಬಂದನು. ಟ್ರಾಕ್ಟರಿಗೂ ಟ್ರೇಲರಿಗೂ ವಿಮೆ ಮಾಡಿಸಿದೆನು.

ಆದರೆ ಕೃಷಿಗೆಂದು ಮಾಡಿಸಿದ ವಿಮೆಯು ಮಡ್‌ಗಾರ್ಡಿನ ಮೇಲೆ ಕೂತವರನ್ನು, ಟ್ರೇಲರಿನಲ್ಲಿ ನಿಂತವರನ್ನು ಕಾಯುವುದೆಂದು ನೆಚ್ಚುವಂತಿಲ್ಲ. ಆದಕಾರಣ ಕಳೆ ಕೀಳಲು ಬರುವ ಹೆಂಗಸರಿಗೆ ಆಟೋ ಗೊತ್ತುಮಾಡಿದ್ದೇನೆ. "ಗಾಡಿ ಖಾಲಿ ಹೋಗ್ತದಲ್ಲ ಸ್ವಾಮೀ" ಎಂದು ಅವರು ಈಗಲೂ ನಗುತ್ತಾರೆ. ಆ ಬಾಡಿಗೆಯನ್ನು ನಾನು ಟ್ರಾಕ್ಟರಿನ ಲೆಕ್ಕದಲ್ಲಿ ಬರೆಯುತ್ತೇನೆ. ಅದು ಕೂಲಿಯ ಲೆಕ್ಕಕ್ಕೆ ಹೋಗಬೇಕೆಂದು ನನ್ನ ಹೆಂಡತಿಯ ವಾದ.